ಕೊಬ್ಬು ಅಳೆಯುವ ಮೆಷಿನ್

ಡಾಕ್ಟರಮ್ಮ ಹೇಳಿದ್ದು ಎರಡೇ ಮಾತು. ಅಕ್ಕನ ಹೃದಯ ಸೋತಿದೆ, ಮೈಯಲ್ಲಿ ನೀರು ನಿಲ್ಲುತ್ತದೆ. ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಫೋನು ಗೀನು ಅಂತ ಕೂರಬೇಡಿ, ನೇರ ಇಲ್ಲಿಗೆ ಬನ್ನಿ.

ಭಾವನ ಕಿವಿಗೆ ಬಿದ್ದದ್ದು ಒಂದೇ ಪದ: ತೂಕ.

ಮೂರು ತಿಂಗಳಿಂದ ಜಿಮ್ಮಿಗೆ ಹೋಗುತ್ತಿರುವ ಮನುಷ್ಯ. ಕನ್ನಡಿ ಕಂಡಲ್ಲೆಲ್ಲ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. (ಬಹುವಚನ ಅಕ್ಕನ ಮುಖ ನೋಡಿ, ಅವರ ಮುಖ ನೋಡಿ ಅಲ್ಲ.) ಸೋಮವಾರ ಅಕ್ಕ ಡಿಸ್ಚಾರ್ಜ್ ಆದಳು. ಮಂಗಳವಾರ ಮೆಷಿನ್ ಇಲ್ಲ, ಬುಧವಾರ ಮೆಷಿನ್ ಇಲ್ಲ. ಯಾಕೆ? ಭಾವ ಫೋನಿನಲ್ಲಿ ರಿವ್ಯೂ ಓದುತ್ತಿದ್ದರು. "ತಗೊಳ್ಳೋದಾದ್ರೆ ಒಳ್ಳೇದೇ ತಗೋಬೇಕು. ಫ್ಯಾಟ್ ಪರ್ಸೆಂಟೇಜೂ ತೋರಿಸಬೇಕು. ಅವಳಿಗೂ ಆಯ್ತು, ನಂಗೂ ಆಯ್ತು." ಮದುವೆಗೆ ಹೆಣ್ಣು ನೋಡುವಾಗಲೂ ಇಷ್ಟು ವಿಚಾರಿಸಿರಲಿಲ್ಲ.

ನಾನಾದರೂ ಒಂದು ತಂದು ಒಗೆಯಬಹುದಿತ್ತು. ಗಂಡ ಹೆಂಡತಿ ಮಧ್ಯೆ ನಾನ್ಯಾಕೆ ಅಂತ ಸುಮ್ಮನಿದ್ದೆ. ಆ ಸಿಟ್ಟು ನನ್ನ ಮೇಲೂ ಇದೆ.

ಗುರುವಾರ ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ನನ್ನ ಪಾಳಿ ಮುಗಿಯಿತು. ನಾನು ಅಲ್ಲಿ ಅನೌನ್ಸರ್. 'ಪ್ರಯಾಣಿಕರ ಗಮನಕ್ಕೆ' ಎಂಬ ಆ ಜೇನು ಸವರಿದ ದನಿ ನನ್ನದೇ. ಹೊರಗೆ ಬಂದರೆ ಅಕ್ಕನೂ ಭಾವನೂ ಕಾಯುತ್ತಿದ್ದರು. ಮೂವರೂ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದೆವು.

ಸೇಲ್ಸ್‌ನವನು ನೀಲಿ ಟೈ ಕಟ್ಟಿದ್ದ. ಟೈ ಅವನನ್ನು ಕಟ್ಟಿತ್ತು ಅಂದರೂ ಸರಿ, ಕತ್ತು ಅಷ್ಟು ಕೆಂಪಾಗಿತ್ತು. ಗಾಜಿನ ಮೆಷಿನ್ ಒಂದನ್ನು ಕೂಸಿನ ಹಾಗೆ ಎತ್ತಿ ತಂದು ನೆಲದ ಮೇಲಿಟ್ಟ.

"ಸರ್, ಇದು ಹದಿಮೂರು ರೀಡಿಂಗ್ ಕೊಡತ್ತೆ. ತೂಕ, ಕೊಬ್ಬು, ನೀರು, ಮೂಳೆ, ಮಾಂಸ, ದೇಹದ ವಯಸ್ಸು..."

"ಭವಿಷ್ಯ ಹೇಳಲ್ವಾ?" ಅಂದೆ.

"ನೀನು ಸುಮ್ಮನಿರು ತಾಯಿ," ಎಂದರು ಭಾವ. ಆಗಲೇ ಸಾಕ್ಸ್ ಬಿಚ್ಚಿ ಕೈಯಲ್ಲಿ ಹಿಡಿದು ಮೆಷಿನ್ ಹತ್ತಿದ್ದರು. ಕೊಬ್ಬು ಇಪ್ಪತ್ತನಾಲ್ಕು ಪರ್ಸೆಂಟ್. ಭಾವನ ಮುಖ ಒಣಗಿತು. "ಇದು ಸರಿ ಇಲ್ಲ."

"ಅಥ್ಲೀಟ್ ಮೋಡ್ ಹಾಕ್ತೀನಿ ಸರ್." ಟೈನವನು ಭಾವನ ಫೋನು ಇಸಿದುಕೊಂಡು, ಮೆಷಿನ್ನಿನ ಆ್ಯಪ್ ಹಾಕಿ ಏನೋ ಒತ್ತಿದ. ಹದಿನೇಳು. ಜಿಮ್ಮಿನವನು ಮೂರು ತಿಂಗಳು ಬೆವರಿಳಿಸಿದರೂ ಕರಗದ್ದು ಒಂದು ಗುಂಡಿಗೆ ಕರಗಿತ್ತು. "ಹಾಂ, ಈಗ ಸರಿ ತೋರಿಸ್ತಿದೆ," ಎಂದು ಭಾವ ಅಕ್ಕನ ಕಡೆ ತಿರುಗಿದರು. "ಬಾ, ನೀನೂ ನಿಂತ್ಕೋ. ನಿಂದು ಎಷ್ಟಿದೆ ಅಂತ ಎಲ್ಲರಿಗೂ ಗೊತ್ತಾಗ್ಲಿ."

ಅಕ್ಕ ಚಪ್ಪಲಿ ಬಿಚ್ಚಲು ಬಗ್ಗಿದಳು. ಪಟ್ಟಿ ಪಾದದೊಳಗೆ ಹೂತಿತ್ತು. ಬಿಚ್ಚಿದ ಮೇಲೂ ಅದರ ಗುರುತು ಕಾಲುವೆಯ ಹಾಗೆ ಉಳಿಯಿತು.

"ಕೊಬ್ಬನ್ನ ಅದು ಹೇಗೆ ಅಳೆಯತ್ತೆ?" ಎಂದು ಕೇಳಿದೆ.

"ಕಾಲಿಂದ ಸಣ್ಣ ಕರೆಂಟ್ ಬಿಡತ್ತೆ ಮೇಡಂ. ಗೊತ್ತೇ ಆಗಲ್ಲ."

ಅಕ್ಕನ ತೋಳು ಹಿಡಿದು ಹಿಂದಕ್ಕೆಳೆದೆ. ಹೋದ ವರ್ಷವಷ್ಟೇ ಅವಳ ಎದೆಯಲ್ಲಿ ಪೇಸ್‌ಮೇಕರ್ ಕೂರಿಸಿದ್ದಾರೆ. ಮೆಷಿನ್ನಿನ ಡಬ್ಬಿ ತಿರುಗಿಸಿ ನೋಡಿದೆ. ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು: ಪೇಸ್‌ಮೇಕರ್ ಇರುವವರು ಬಳಸಬಾರದು.

"ಇದನ್ನ ಓದಿದ್ರಾ ಭಾವ? ಮೂರು ದಿನ ರಿವ್ಯೂ ಓದಿದ್ರಲ್ಲ, ಇದನ್ನ ಓದಿದ್ರಾ?"

"ಎಲ್ಲಾ ಡಬ್ಬಿ ಮೇಲೂ ಏನೇನೋ ಬರೆದಿರ್ತಾರೆ. ಒಂದ್ಸಲ ನಿಂತ್ರೆ ಏನಾಗತ್ತೆ?"

ಕಪಾಳಕ್ಕೆ ಬಿಡೋಣ ಅನ್ನಿಸಿತು. ಕೈ ಎತ್ತಲಾಗದವಳು ನಾಲಿಗೆ ಎತ್ತುತ್ತಾಳೆ. ಹೊಟ್ಟೆ ಒಳಗೆಳೆದೆ, ಎದೆ ಉಬ್ಬಿಸಿದೆ, ಥೇಟ್ ಭಾವನ ದನಿಯಲ್ಲಿ ಶುರು ಮಾಡಿದೆ: "ತಗೊಳ್ಳೋದಾದ್ರೆ ಒಳ್ಳೇ ಕರೆಂಟೇ ತಗೋಬೇಕು. ಅವಳಿಗೂ ಆಯ್ತು, ನಂಗೂ ಆಯ್ತು!"

ಅಕ್ಕ ನಕ್ಕಳು. ಚಿಕ್ಕವಳಿದ್ದಾಗಿಂದ ನಾನು ಯಾರ ದನಿ ತೆಗೆದರೂ ನಗುತ್ತಾಳೆ. ಆದರೆ ಈ ನಗು ಅರ್ಧಕ್ಕೇ ಸಿಕ್ಕಿಕೊಂಡಿತು. ಕೆಮ್ಮು ಬಂತು, ಉಸಿರು ಬರಲಿಲ್ಲ. ಫ್ಯಾನಿನ ಪೆಟ್ಟಿಗೆಯೊಂದರ ಮೇಲೆ ಕುಸಿದು ಕೂತಳು.

"ಎಷ್ಟು ದಿನದಿಂದ ಹೀಗೆ?"

"ಮಲಗಿದ್ರೆ ಉಸಿರು ಕಟ್ಟತ್ತೆ ಕಣೇ. ಎರಡು ರಾತ್ರಿಯಿಂದ ಮೂರು ದಿಂಬು ಒರಗಿಸಿ ಕೂತೇ ಇರ್ತೀನಿ."

"ಯಾರಿಗಾದ್ರೂ ಹೇಳಿದ್ಯಾ?"

ಅಕ್ಕ ಗಂಡನ ಕಡೆ ನೋಡಿದಳು.

"ಹೇಳಿದ್ಲಪ್ಪ," ಎಂದರು ಭಾವ. "ಮೈ ಬಂದ್ರೆ ಹಾಗೇ ಆಗೋದು ಅಂತ ನಮ್ಮ ಟ್ರೇನರ್ ಹೇಳಿದ."

ನಾನು ಕೆಳಗಿನ ಕಪಾಟಿನ ಮೂಲೆಗೆ ಕೈ ಹಾಕಿದೆ. ಅಲ್ಲೊಂದು ಸಾದಾ ಮೆಷಿನ್ ಧೂಳು ತಿನ್ನುತ್ತಿತ್ತು. ಕರೆಂಟಿಲ್ಲ, ಮೋಡಿಲ್ಲ, ಬರೀ ತೂಕ.

"ಅದಕ್ಕೆ ಸೆಲ್ ಹಾಕಿಲ್ಲ ಮೇಡಂ, ಅದು ಯಾರೂ ತಗೊಳಲ್ಲ..."

"ಹಾಕಿ!"

ಹೆದರಿ, ಗಾಜಿನ ಮೆಷಿನ್ನಿನ ಸೆಲ್ಲುಗಳನ್ನೇ ಕಿತ್ತು ಇದಕ್ಕೆ ಹಾಕಿದ. ಅಕ್ಕನನ್ನು ಹಿಡಿದು ನಿಲ್ಲಿಸಿದೆ. ಡಿಸ್ಚಾರ್ಜ್ ಚೀಟಿ ಅವಳ ಪರ್ಸಿನಲ್ಲೇ ಇತ್ತು: ಅರವತ್ತೊಂದು ಪಾಯಿಂಟ್ ನಾಲ್ಕು. ಮೆಷಿನ್ ತೋರಿಸಿದ್ದು ಅರವತ್ತನಾಲ್ಕು ಪಾಯಿಂಟ್ ಒಂಬತ್ತು.

"ನೋಡಿದ್ಯಾ!" ಭಾವ ಬೆರಳು ಚಾಚಿದರು. "ಮೂರು ದಿನಕ್ಕೆ ಮೂರೂವರೆ ಕಿಲೋ! ಮನೇಲಿ ಕೂತು ತಿಂದಿದ್ದು!"

ನಾನು ಮಂಡಿಯೂರಿ ಅಕ್ಕನ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದೆ. ಬೆರಳು ತೆಗೆದರೂ ಗುಂಡಿ ಮುಚ್ಚಲಿಲ್ಲ.

"ಬಗ್ಗಿ ನೋಡಿ. ಇದು ಊಟ ಅಲ್ಲ, ನೀರು. ಡಾಕ್ಟರಮ್ಮ ಹೇಳಿದ್ದ ಎರಡು ಕಿಲೋ ಯಾವತ್ತೋ ದಾಟಿದೆ. ನೀವು ಮೆಷಿನ್ ಆರಿಸ್ತಾ ಕೂತಿದ್ರಿ."

ಭಾವ ಬಗ್ಗಲಿಲ್ಲ. ಅಷ್ಟರಲ್ಲಿ ಜನ ಸುತ್ತ ಸೇರಿ ಬಾಗಿಲವರೆಗೂ ಗೋಡೆ ಕಟ್ಟಿಬಿಟ್ಟಿದ್ದರು. ನನಗೇ ಗೊತ್ತಿಲ್ಲದೆ ನಿಲ್ದಾಣದ ದನಿ ಹೊರಬಂತು, ಜೇನು ಮಾತ್ರ ಇರಲಿಲ್ಲ: "ಗ್ರಾಹಕರ ಗಮನಕ್ಕೆ! ಪೇಷಂಟ್ ಇದಾರೆ, ದಾರಿ ಬಿಡಿ!"

ಗೋಡೆ ಒಡೆಯಿತು. ಅಕ್ಕನನ್ನು ಟ್ಯಾಕ್ಸಿಗೆ ಹತ್ತಿಸುವಾಗ ಭಾವ ಸಾಕ್ಸ್ ಹಿಡಿದುಕೊಂಡೇ ಓಡಿ ಬಂದರು. "ಇರು, ಆ ದೊಡ್ಡದನ್ನ ಪ್ಯಾಕ್ ಮಾಡೋಕೆ ಹೇಳಿಬಿಡ್ಲಾ?"

"ನಿಮ್ಮ ಕೊಬ್ಬು ಅಳೆಯೋಕೆ ಕರೆಂಟ್ ಬೇಡ ಭಾವ. ಬರಿಗಣ್ಣಿಗೇ ಕಾಣತ್ತೆ. ಹತ್ತಿ ಕೂತ್ಕೊಳಿ."

ಆಸ್ಪತ್ರೆಯಲ್ಲಿ ಆಕ್ಸಿಜನ್ ಇಟ್ಟರು, ನೀರಿಳಿಸುವ ಇಂಜೆಕ್ಷನ್ ಕೊಟ್ಟರು. ಇನ್ನೊಂದು ದಿನ ತಡ ಮಾಡಿದ್ದರೆ ಶ್ವಾಸಕೋಶವೇ ತುಂಬಿಬಿಡುತ್ತಿತ್ತು ಎಂದರು ಡಾಕ್ಟರಮ್ಮ. ಆಮೇಲೆ ಕೇಳಿದರು: "ದಿನಾ ಬರೆದಿಡಿ ಅಂದಿದ್ದೆನಲ್ಲ. ಎಲ್ಲಿ, ಪುಸ್ತಕ ಕೊಡಿ."

ಭಾವ ಫೋನ್ ನೋಡಿಕೊಂಡರು. ಅದರಲ್ಲಿ ಅವರ ಹದಿನೇಳು ಪರ್ಸೆಂಟ್ ಬಿಟ್ಟು ಇನ್ನೇನೂ ಇರಲಿಲ್ಲ. ಅಕ್ಕ ಎಂದಿನಂತೆ ಗಂಡನ ಪರ ಏನೋ ಹೇಳಿ ಮುಚ್ಚುತ್ತಾಳೆಂದು ನಾನು ಹಲ್ಲು ಕಚ್ಚಿದೆ.

ಅಕ್ಕ ಆಕ್ಸಿಜನ್ ಮಾಸ್ಕ್ ಸರಿಸಿದಳು. "ಬರೆದಿಲ್ಲ ಡಾಕ್ಟ್ರೇ. ಇವರು ಮೆಷಿನ್ ತರಲಿಲ್ಲ."

ಅಕ್ಕ ನನ್ನ ಕೈ ಹಿಡಿದಳು.

"ಆ ಸಾದಾದ್ದನ್ನೇ ತಂದು ನನ್ನ ಮಂಚದ ಪಕ್ಕ ಇಡು. ಒಂದು ನೋಟ್‌ಬುಕ್ಕೂ ತಾ." ಆಮೇಲೆ ಗಂಡನ ಕಡೆ ತಿರುಗಿದಳು. "ರೀ, ಅದು ನನ್ನದು. ನೀವು ಹತ್ತಬೇಡಿ."

ಮಾಸ್ಕ್ ಎಳೆದುಕೊಂಡು ಕಣ್ಣು ಮುಚ್ಚಿದಳು.