ಇಪ್ಪತ್ತೆರಡು ನಿಮಿಷ

ನಮ್ಮ ಗೋದಾಮಿಗೆ ಬಂದ ಲಾರಿ ಇಪ್ಪತ್ತೆರಡು ನಿಮಿಷದಲ್ಲಿ ಸರಕು ಇಳಿಸಿ ಗೇಟು ದಾಟುತ್ತದೆ. ಮೊದಲು ನಾಲ್ಕು ಗಂಟೆ ಹಿಡಿಯುತ್ತಿತ್ತು. ಪೆಟ್ಟಿಗೆ ಎಣಿಸುವ ಕೆಲಸಕ್ಕೆ ಸೇರಿದ ನಾನು ಹದಿನಾರು ವರ್ಷದಲ್ಲಿ ಮೂರು ಗೋದಾಮುಗಳ ಮ್ಯಾನೇಜರ್ ಆಗಿ ಮಹಡಿಯ ಗಾಜಿನ ಕೋಣೆ ಸೇರಿದ್ದು ಇದರಿಂದಲೇ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಆ ನಾಲ್ಕು ಗಂಟೆ ಡ್ರೈವರುಗಳು ತಗಡಿನ ಮಾಡಿನ ಕೆಳಗೆ ಒಂದು ಉದ್ದ ಬೆಂಚಿನ ಮೇಲೆ ಕೂತು ಹರಟುತ್ತಿದ್ದರು. ಎಣಿಕೆಯ ನಡುವೆ ನಾನೂ ಅಲ್ಲೇ ಡಬ್ಬಿ ಬಿಚ್ಚಿ, ನಿಂತುಕೊಂಡೇ ನಾಲ್ಕು ತುತ್ತು ತಿನ್ನುತ್ತಿದ್ದೆ. ಕಾಲು ಒಂದೆಡೆ ನಿಲ್ಲದವಳೆಂದು ನನಗೆ ‘ಬುಗುರಿ’ ಎಂದು ಹೆಸರಿಟ್ಟವರು ಮೀಸೆ ಮಾವ. ಅವರ ಮೈಯಲ್ಲಿ ಮೀಸೆಯೊಂದೇ ದಪ್ಪ ಎಂದು ಉಳಿದ ಡ್ರೈವರುಗಳ ತಮಾಷೆ. “ಕೊನೇಲಿ ಇಳಿಸೋದನ್ನ ಮೊದಲು ತುಂಬು” ಎಂಬ ಮೊದಲ ಪಾಠ ಅವರದೇ. “ಎಣಿಸ್ತಾ ಎಣಿಸ್ತಾನೇ ಮುದುಕಿ ಆಗ್ತೀಯಾ? ಸಂಜೆ ಕೋರ್ಸಿಗೆ ಸೇರು” ಎಂದು ಅರ್ಜಿ ತಂದುಕೊಟ್ಟವರೂ ಅವರೇ.

ಸೇರಿದೆ, ಕಲಿತೆ. ಪ್ರತಿ ಲಾರಿಗೂ ಬರುವ ಹೊತ್ತು ಗೊತ್ತುಮಾಡಿದೆ. ಹೊತ್ತು ತಪ್ಪಿದವರಿಗೆ ಮರುದಿನವೇ ಸರದಿ. ಕಾಯುವುದೇ ಇಲ್ಲವೆಂದ ಮೇಲೆ ಬೆಂಚೇಕೆ? ಅದನ್ನು ತೆಗೆಸಿ, ಇನ್ನೊಂದು ಲಾರಿ ನಿಲ್ಲುವಂತೆ ಹಳದಿ ಗೆರೆ ಎಳೆಸಿದೆ. ಬೆಂಚಿನ ಜೊತೆಗೆ ನನ್ನ ಬಳಗವೂ ಹೋಯಿತೆಂದು ತಿಳಿಯಲು ಒಂದು ವರ್ಷ ಬೇಕಾಯಿತು. ನಾನು ಅಷ್ಟು ಚುರುಕು.

ಈಗ ತಂಗಿ ಫೋನ್ ಮಾಡಿದರೂ “ಅಕ್ಕಾ, ಕೆಲಸದಲ್ಲಿದ್ದೀಯಾ?” ಎಂದೇ ಶುರು. ಇಲ್ಲವೆನ್ನುವಷ್ಟರಲ್ಲಿ “ಸರಿ, ಆಮೇಲೆ ಮಾಡ್ತೀನಿ” ಎಂದು ಇಟ್ಟುಬಿಡುತ್ತಾಳೆ. ನನ್ನ ಸಮಯಕ್ಕೆ ಎಲ್ಲರೂ ಮರ್ಯಾದೆ ಕೊಡುತ್ತಾರೆ. ಅಂಥ ಮರ್ಯಾದೆಗಿಷ್ಟು ಬೆಂಕಿ ಹಾಕ.

ಇವತ್ತು ಮೀಸೆ ಮಾವನ ಕೊನೆಯ ಟ್ರಿಪ್ಪು. ನಾಳೆ ಮಗಳ ಊರಿಗೆ ಹೊರಡುತ್ತಾರಂತೆ, ಅಲ್ಲೇ ಇರುತ್ತಾರಂತೆ. ಎರಡು ಹತ್ತಕ್ಕೆ ಒಳಗೆ, ಎರಡು ಮೂವತ್ತೆರಡಕ್ಕೆ ಹೊರಗೆ ಎಂದು ಕಂಪ್ಯೂಟರ್ ತೋರಿಸಿತು. ಒಮ್ಮೆ ಅವರ ಪಕ್ಕ ಕೂತು, ನನ್ನನ್ನು ಇಲ್ಲಿವರೆಗೆ ತಂದದ್ದು ನೀವೇ ಎಂದು ಹೇಳಬೇಕಿತ್ತು. ಬೇರೇನೂ ಆಸೆಯಿರಲಿಲ್ಲ. ಆದರೆ ಎರಡು ಗಂಟೆಗೆ ಶುರುವಾದ ಮೇಲಿನವರ ಫೋನ್ ಮೀಟಿಂಗು ಎರಡೂವರೆಯಾದರೂ ಮುಗಿಯಲಿಲ್ಲ. ಗಾಜಿನಾಚೆ ಅವರ ಲಾರಿ ಗೇಟಿನತ್ತ ತಿರುಗಿತು. ನಾನು ಎಂದೂ ಮಾಡದ ಕೆಲಸ ಮಾಡಿದೆ. ಆ ಲಾರಿಯ ನಂಬರಿನ ಮುಂದೆ ‘ತಡೆ’ ಎಂದು ಒತ್ತಿದೆ. ಗೇಟಿನ ದೀಪ ಕೆಂಪಾಯಿತು.

ಮೀಟಿಂಗು ಮುಗಿಸಿ ಓಡಿ ಬರುವಾಗ ಒಂಬತ್ತು ನಿಮಿಷ ಕಳೆದಿತ್ತು. ಲಾರಿ ಹತ್ತಿ ಅವರ ಪಕ್ಕದ ಸೀಟಿನಲ್ಲಿ ಕೂತೆ. ಅವರ ಹಣೆ ಬೆವತಿತ್ತು.

“ಮೇಡಂ, ಕಾಗದ ಎಲ್ಲ ಸರಿ ಇದೆ. ಯಾಕೆ ನಿಲ್ಲಿಸಿದ್ರು? ಮೂರಕ್ಕೆ ಎರಡನೇ ಗೋದಾಮಲ್ಲಿ ನನ್ನ ಸರದಿ. ತಪ್ಪಿದ್ರೆ ನಾಳೆ ಬಾ ಅಂತಾರೆ. ನಾಳೆ ನಾನಿರಲ್ಲ.”

“ಅಲ್ಲಿಗೆ ನಾನು ಹೇಳ್ತೀನಿ ಮಾವ. ಒಳಗೆ ಬಿಡ್ತಾರೆ.”

“ಅದಲ್ಲ. ಈ ನಿಯಮ ಬಂದಾಗಿಂದ ಒಂದು ದಿನಾನೂ ತಡ ಅಂತ ಬರೆಸ್ಕೊಂಡಿಲ್ಲ ನಾನು. ಇವತ್ತೇ ಬರೆಸ್ಕೋಬೇಕಿತ್ತಾ?”

“ನಾನೇ ನಿಲ್ಲಿಸಿದ್ದು.”

ಅವರು ತಿರುಗಿ ನೋಡಿದರು.

“ಊಟ ಆಯ್ತಾ?” ಎಂದರು.

“ಇಲ್ಲ.”

“ಇನ್ನೂ ನಿಂತ್ಕೊಂಡೇ ತಿಂತೀಯಾ, ಬುಗುರಿ?”

“ಈಗ ಕೂತ್ಕೊಂಡೇ ತಿಂತೀನಿ. ಒಬ್ಬಳೇ.”

ಅವರ ಕೈ ಸ್ಟೇರಿಂಗಿನ ಮೇಲಿತ್ತು, ಕಣ್ಣು ಮತ್ತೆ ಮತ್ತೆ ಗಡಿಯಾರಕ್ಕೆ ಹೋಗುತ್ತಿತ್ತು. ಗಡಿಯಾರ ನೋಡುವುದನ್ನು ಅವರಿಗೆಲ್ಲ ಕಲಿಸಿದವಳು ನಾನೇ. ಇಳಿದು, ಬಿಡು ಎಂದು ಗೇಟಿನವನಿಗೆ ಕೈಸನ್ನೆ ಮಾಡಿದೆ. ಹೇಳಬೇಕೆಂದಿದ್ದನ್ನು ಹೇಳಲೇ ಇಲ್ಲ.

ಮೇಲೆ ಬಂದಾಗ ನನ್ನ ಸಹಾಯಕಿ ಕಂಪ್ಯೂಟರಿನ ಮುಂದೆ ಕಾಯುತ್ತಿದ್ದಳು.

“ಮೇಡಂ, ಆ ಲಾರಿ ಹನ್ನೆರಡು ನಿಮಿಷ ತಡ. ಡ್ರೈವರ್ ತಪ್ಪು ಅಂತ ಹಾಕ್ಲಾ?”

“ಬೇಡ. ನನ್ನ ಹೆಸರು ಹಾಕು.”

“ಕಾರಣ ಕೇಳ್ತಿದೆ ಮೇಡಂ.”

“ಮ್ಯಾನೇಜರಿಗೆ ಕೂತು ಮಾತಾಡೋಕೆ ಯಾರೂ ಇರಲಿಲ್ಲ ಅಂತ ಬರಿ.”

ನಗಬೇಕೋ ಬೇಡವೋ ತಿಳಿಯದೆ ಅವಳು ನನ್ನ ಮುಖ ನೋಡಿದಳು. ಆಮೇಲೆ ಕಾರಣಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಹುಡುಕಿದಳು. ಆ ಪಟ್ಟಿ ಮಾಡಿದವಳೂ ನಾನೇ. ಅದರಲ್ಲಿ ಅಂಥದ್ದು ಇರಲಿಲ್ಲ. ಅವಳು ‘ಇತರೆ’ ಎಂದು ಒತ್ತಿದಳು.