ಯಲ್ಲಾಲಿಂಗ ಡಾಕ್ಟರ ಮುಂದೆ ನಿಜ ಹೇಳಿದ

ವಿಕ್ರೋಳಿಯ ಚಾಳಿನಲ್ಲಿರುವ ಯಲ್ಲಾಲಿಂಗ ಬಿಲ್ಡಿಂಗುಗಳಿಗೆ ಬಣ್ಣ ಹಚ್ಚುವವನು. ಊರು ಸಿಂದಗಿ ಕಡೆ. ಹೋದ ವರ್ಷ ಅವನಿಗೆ ಎಚ್‌ಐವಿ ಇದೆ ಎಂದು ಗೊತ್ತಾಯಿತು. ಹೆಂಡತಿ ದಾನವ್ವನಿಗೆ ಇರಲಿಲ್ಲ. ಆಸ್ಪತ್ರೆಯ ಗುಳಿಗೆ ನುಂಗುತ್ತ ನುಂಗುತ್ತ ಅವನ ಮೈ ತುಂಬಿತು, ಊಟ ಸೇರತೊಡಗಿತು.

"ಈಗ ನಾ ಗಟ್ಟಿ ಆಗೇನಿ. ಇನ್ನ ಆ ಕಾಂಡೋಮ್ ಯಾಕ?" ಅಂದ ದಾನವ್ವನಿಗೆ. ಗೆಳೆಯರ ಜೊತೆ ಕುಡಿದು ಬಂದ ದಿನ ಗುಳಿಗೆಯೂ ಮರೆಯುತ್ತಿತ್ತು.

ದಾನವ್ವನಿಗೆ ಅಂಜಿಕೆ. ಕೂಸು ಬೇಕೆಂಬ ಆಸೆಯೂ ಇತ್ತು. "ಡಾಕ್ಟರ್‌ನ ಕೇಳೂಣು ನಡೀರಿ," ಅಂದಳು.

"ಗಂಡ ಹೆಂಡ್ತಿ ಮಾತು ಅವರ ಮುಂದ ಹ್ಯಾಂಗ ಹೇಳೂದು? ನಾಚಿಕಿ ಬರ್ತದ."

"ರೋಗ ಬರೂದಕಿಂತ ನಾಚಿಕಿ ಬರೂದು ಚಲೋ."

ಆಸ್ಪತ್ರೆಯ ಡಾಕ್ಟರ್ ಹರಿಣಿ ಉಡುಪಿ ಕಡೆಯವರು. ಯಲ್ಲಾಲಿಂಗನ ಒಪ್ಪಿಗೆ ಪಡೆದೇ ಇಬ್ಬರನ್ನೂ ಒಟ್ಟಿಗೆ ಕೂರಿಸಿದರು.

"ಇದು ನಾನು ಎಲ್ಲರಿಗೂ ಕೇಳುವ ಪ್ರಶ್ನೆ ಮಾರಾಯ್ರೆ. ಗುಳಿಗೆ ತಪ್ಪಿದ್ದುಂಟಾ? ಕಾಂಡೋಮ್ ಇಲ್ಲದೆ ಸೇರಿದ್ದುಂಟಾ? ನಾನು ಬೈಯುವುದಿಲ್ಲ. ಮಾತು ಈ ಕೋಣೆ ದಾಟುವುದಿಲ್ಲ."

ಯಲ್ಲಾಲಿಂಗ ಮೇಲೆ ಫ್ಯಾನ್ ನೋಡುತ್ತ ಕೂತ.

"ನೀವ ಹೇಳ್ತೀರೋ, ನಾ ಹೇಳಲೋ?" ಅಂದಳು ದಾನವ್ವ.

ಗುಳಿಗೆ ತಪ್ಪಿದ್ದು, ಕಾಂಡೋಮ್ ಬಿಟ್ಟದ್ದು, ಎಲ್ಲ ಅವನೇ ಹೇಳಿದ. ಡಾಕ್ಟರು ನಿಜಕ್ಕೂ ಬೈಯಲಿಲ್ಲ.

"ಗುಳಿಗೆ ವೈರಸ್ಸನ್ನು ಅದುಮಿ ಇಡುತ್ತದೆ, ಪೂರ್ತಿ ಕೊಲ್ಲುವುದಿಲ್ಲ. ತಪ್ಪಿಸಿದರೆ ಮತ್ತೆ ಏಳುತ್ತದೆ. ದಿನಾ ತಗೊಂಡು, ರಕ್ತ ಪರೀಕ್ಷೆಯಲ್ಲಿ ವೈರಸ್ ಕಾಣದಷ್ಟು ಕಡಿಮೆಯಾಗಿ, ಆರು ತಿಂಗಳು ಹಾಗೇ ಉಳಿದರೆ, ಸೇರುವುದರಿಂದ ಹೆಂಡತಿಗೆ ಅಂಟುವುದಿಲ್ಲ. ಆಗ ಮಗುವಿನ ವಿಚಾರ ಮಾಡುವ. ಅಲ್ಲಿವರೆಗೆ ಕಾಂಡೋಮ್ ಬೇಕೇ ಬೇಕು. ಕುಡಿತ ಬಿಟ್ಟರೆ ಒಳ್ಳೆಯದು. ಗುಳಿಗೆ ಯಾವಾಗ ತಗೊಂಡರೆ ನಿಮಗೆ ನೆನಪಿರುತ್ತದೆ?"

ಯಲ್ಲಾಲಿಂಗ ಯೋಚಿಸಿದ. "ಮುಂಜಾನಿ, ಚಾ ಕುಡಿಯೂ ಮುಂದ."

"ಹಾಗೇ ಮಾಡಿ."

ಅಂದೇ ದಾನವ್ವನ ರಕ್ತ ನೋಡಿದರು. ಎಚ್‌ಐವಿ ಇರಲಿಲ್ಲ. ಮುಂದೆ ಮತ್ತೆ ನೋಡಿದಾಗಲೂ ಇರಲಿಲ್ಲ. ಯಲ್ಲಾಲಿಂಗ ಗುಳಿಗೆ ತಪ್ಪಿಸಲಿಲ್ಲ. ಅವನ ರಿಪೋರ್ಟಿನಲ್ಲಿ ವೈರಸ್ ಕಾಣದಷ್ಟು ಕಡಿಮೆಯಾಯಿತು, ಆರು ತಿಂಗಳು ಹಾಗೇ ಉಳಿಯಿತು. "ಇನ್ನು ಮಗು ಮಾಡಿಕೊಳ್ಳಬಹುದು," ಅಂದರು ಡಾಕ್ಟರು.

"ಹಂಗಾರ ಗುಳಿಗಿ ಬಿಡಬಹುದಲ್ರೀ?" ಅಂದ ಯಲ್ಲಾಲಿಂಗ.

"ಗುಳಿಗಿ ಬಿಟ್ರ ಕೂಸಿನ ಮಾತು ಎತ್ತಬ್ಯಾಡ್ರಿ," ಅಂದಳು ದಾನವ್ವ. ಮೂವರೂ ನಕ್ಕರು.

ಅಣ್ಣಂದಿರೇ, ಅಕ್ಕಂದಿರೇ, ಡಾಕ್ಟರು ಕೇಳಿದಾಗ "ಎಲ್ಲ ಬರಾಬರ್" ಎಂದು ಎದ್ದು ಬರಬೇಡಿ. ತಪ್ಪಿದ್ದನ್ನೂ ಹೇಳಿ. ಕಾಂಡೋಮ್ ಹರಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ರೋಗ ಅಂಟದಂತೆ ತಡೆಯುವ ಗುಳಿಗೆ ಅಲ್ಲಿ ಸಿಗುತ್ತದೆ. ಮನೆಯವರನ್ನು ಕಾಯುವುದು ನಿಮ್ಮ ಕೈಯಲ್ಲೇ ಇದೆ.