ನೆಲದ ನಾಡಿ ಹಿಡಿದ ಪೆಟ್ಟಿಗೆ

ಚಳಿಗಾಲ ಹಿಂದೆ ಸರಿಯುತ್ತಿದ್ದ ದಿನಗಳು. ಬೆಳಗಿನ ಮೊದಲ ಬ್ರೆಡ್ಡು ಒಲೆಯಿಂದ ಹೊರಬರುವ ಹೊತ್ತಿಗೆ ನೆಲ ಒಮ್ಮೆ ಮೈ ಕೊಡವಿತು. ತಟ್ಟೆಗಳು ಗಲಗಲ ಎಂದವು, ಅಷ್ಟೇ. ನಮ್ಮ ಕಡೆ ಭೂಕಂಪವೆಂದರೆ ದೂರದ ನೆಂಟನಿದ್ದಂತೆ. ಎಷ್ಟೋ ವರ್ಷಕ್ಕೊಮ್ಮೆ ಬಂದು, ಹೊಸ್ತಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತದೆ. ನಾನು ಮದುವೆಯಾಗಿ ಬಂದ ವರ್ಷ ಮಾತ್ರ ಒಳಗೇ ಬಂದಿತ್ತು. ಬೀದಿ ಕೊನೆಯ ಮನೆಯ ಗೋಡೆ ಮಗುಚಿಕೊಂಡಿತ್ತು.

ಈ ಸಲ ತಟ್ಟೆ ಗಲಗಲ ಎಂದ ವಾರವೇ ನೆಲ ಪರೀಕ್ಷೆ ಮಾಡುವ ಹೆಣ್ಣುಮಗಳೊಬ್ಬಳು ಬಂದಳು. ಸೊಸೆ ಅವಳಿಗೆ ‘ನೆಲದ ಡಾಕ್ಟ್ರು’ ಎಂದು ಹೆಸರಿಟ್ಟಳು. ನಮ್ಮದು ಹಳೆಯ ಇಟ್ಟಿಗೆ ಕಟ್ಟಡ. ಕೆಳಗೆ ಮಗನ ಬೇಕರಿ, ಮೇಲೆ ಸೊಸೆಯ ಶಿಶುವಿಹಾರ. ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಅಲ್ಲಿ ಬಿಟ್ಟು ಹೋಗುತ್ತಿದ್ದರು.

“ಅಪರೂಪಕ್ಕೆ ಅಲುಗೋ ಕಡೇನೇ ಹೆಚ್ಚು ಭಯ ಅಜ್ಜಿ,” ಎಂದಳು ಡಾಕ್ಟ್ರು. “ಆಗಾಗ ಅಲುಗೋ ಕಡೆಯವರು ಗಟ್ಟಿಯಾಗಿ ಕಟ್ಕೊಳ್ತಾರೆ. ನಿಮ್ಮೋರು ಮರೆತುಬಿಡ್ತಾರೆ.”

“ನಾನೆಲ್ಲಿ ಮರೆತೆ ತಾಯಿ?” ಎಂದು ಆ ಗೋಡೆಯ ಕಥೆ ಹೇಳಿದೆ. ಯಾವ ದಿಕ್ಕಿಗೆ ಬಿತ್ತು, ಬಾವಿ ನೀರು ಕದಡಿತ್ತೇ ಎಂದು ಕೆದಕಿ ಕೆದಕಿ ಕೇಳಿದಳು.

ಆಮೇಲೆ ಹಿಂದಿನ ಕೋಣೆಯ ಕಲ್ಲುಹಾಸಿನ ಮೇಲೆ ಒಂದು ಪೆಟ್ಟಿಗೆ ಇಟ್ಟಳು. ನೆಲದ ಸಣ್ಣ ನಡುಕವನ್ನೂ ಹಿಡಿದು ಅದು ಅವಳ ಕಚೇರಿಗೆ ಕಳಿಸುತ್ತದಂತೆ. ಅಡಿಯ ಮಣ್ಣು ಮೆತ್ತಗಿದ್ದರೆ ನಡುಕ ಹೆಚ್ಚು. ಆಗ ಮೇಲೆ ಮಕ್ಕಳನ್ನು ಇಡುವಂತಿಲ್ಲ. “ಯಾರೂ ಮುಟ್ಟಬೇಡಿ,” ಎಂದು ಹೇಳಿಹೋದಳು.

ಸ್ವಲ್ಪ ದಿನ ಕಳೆದು ಮುಖ ಸಪ್ಪಗೆ ಮಾಡಿಕೊಂಡು ಬಂದು ಸೊಸೆಗೆ ಹೇಳಿದಳು: “ಅಕ್ಕಾ, ನಡುಕ ವಿಪರೀತ ತೋರಿಸ್ತಿದೆ. ಶಿಶುವಿಹಾರ ಮುಚ್ಚಬೇಕಾಗುತ್ತೆ.”

ಸೊಸೆ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಮೇಲೆ ಮಕ್ಕಳು ಹಾಡುತ್ತಿದ್ದರು. ಡಾಕ್ಟ್ರು ಪೆಟ್ಟಿಗೆ ತರಲು ಒಳಗೆ ಹೋದವಳು ಅಲ್ಲಿಂದಲೇ ಕೂಗಿದಳು:

“ಇದನ್ನ ಕಂಬಳಿ ಮೇಲೆ ಇಟ್ಟಿದ್ದು ಯಾರ್ರೀ?”

ಓಡಿ ಹೋಗಿ ನೋಡಿದೆವು. ನಾಲ್ಕು ಮಡಿಕೆಯ ಕಂಬಳಿಯ ಮೇಲೆ ಪೆಟ್ಟಿಗೆ ಮದುಮಗನ ಹಾಗೆ ಕುಳಿತಿತ್ತು.

“ನಾನೇ,” ಎಂದ ಮಗ ತಲೆ ಕೆರೆದುಕೊಳ್ಳುತ್ತ. “ಕಲ್ಲು ತಣ್ಣಗಿತ್ತು. ಕಲಸಿದ ಹಿಟ್ಟಿನ ಪಾತ್ರೇನ ನಾವು ಬರೀ ನೆಲಕ್ಕೆ ಇಡಲ್ಲ. ತಣ್ಣಗಾದ್ರೆ ಉಬ್ಬಲ್ಲ ನೋಡಿ.”

“ಚೆನ್ನಾಗೇ ಉಬ್ಬಿಸಿದೀರಿ! ಮೆತ್ತಗಿರೋದು ನೆಲ ಅಲ್ಲ, ನಿಮ್ಮ ಕಂಬಳಿ!”

ಸೊಸೆಗೆ ಜೀವ ಬಂತು, ಜೊತೆಗೆ ನಾಲಿಗೆಯೂ. “ಮುಟ್ಟಬೇಡಿ ಅಂದಾಗ ಕಿವಿಗೂ ಹಿಟ್ಟು ಮೆತ್ಕೊಂಡಿದ್ರೇನ್ರೀ? ಪೆಟ್ಟಿಗೆಗೆ ಹಾಸಿಗೆ! ನನಗೆ ಒಂದು ದಿನ ಚಾಪೆ ಹಾಸಿದ್ದುಂಟಾ?”

ಡಾಕ್ಟ್ರು ಪೆಟ್ಟಿಗೆಯನ್ನು ಮತ್ತೆ ಕಲ್ಲಿನ ಮೇಲಿಟ್ಟಳು. ಈ ಸಲ ಸೊಸೆ ಆ ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೊಸ ಲೆಕ್ಕ ಬಂದಾಗ ನೆಲ ಗಟ್ಟಿಯೇ ಇತ್ತು.

“ಆದ್ರೆ ಅಕ್ಕಾ, ಗೋಡೆಗೂ ಚಾವಣಿಗೂ ನಡುವೆ ಹಿಡಿತ ಇಲ್ಲ. ಸುತ್ತ ಕಬ್ಬಿಣದ ಪಟ್ಟಿ ಬಿಗಿಸಬೇಕು. ಅದಾದ್ರೆ ಮಕ್ಕಳನ್ನ ಧೈರ್ಯವಾಗಿ ಕೂರಿಸಿ.”

“ಬಿಗಿಸೋಣ,” ಎಂದಳು ಸೊಸೆ. ಮಗನ ಕಡೆ ನೋಡಲೂ ಇಲ್ಲ.

ಎದುರು ಮನೆಯ ದರ್ಜಿ, ಪಟ್ಟಿ ಬಿಗಿಸುವ ಕೆಲಸ ಮುಗಿಯುವವರೆಗೆ ಮಕ್ಕಳಿಗೆ ತನ್ನ ಹಜಾರ ಬಿಟ್ಟುಕೊಟ್ಟ. ಬಿಸಿಲು ಏರತೊಡಗಿದ್ದ ಒಂದು ಸೋಮವಾರ, ಮಕ್ಕಳು ಒಬ್ಬರ ಅಂಗಿ ಒಬ್ಬರು ಹಿಡಿದು ರಸ್ತೆ ದಾಟಿ ಅಲ್ಲಿಗೆ ಹೊರಟರು. ಕೊನೆಯಲ್ಲಿ ಸೊಸೆ ಹೋದಳು, ಮೇಲಿನ ಬಾಗಿಲನ್ನು ಕಬ್ಬಿಣದ ಕೆಲಸದವರಿಗೆ ತೆರೆದಿಟ್ಟು.